ಕೊನೆಯ ಪೆನಾಲ್ಟಿ



ಬೈಲಕುಪ್ಪೆ ಟಿಬೆಟನ್ ಕ್ಯಾಂಪಿನ ಫುಟ್‌ಬಾಲ್ ತಂಡಕ್ಕೆ ನಾನು ಹಳೆಯ ಅಭಿಮಾನಿ. ಟಿವಿಯಲ್ಲಿ ಬರುವ ತಂಡವಲ್ಲ. ದಲೈ ಲಾಮಾ ಅವರ ತಾಯಿಯ ನೆನಪಿಗೆ ಟಿಬೆಟನ್ ಕ್ಯಾಂಪುಗಳ ನಡುವೆ ನಡೆಯುವ ಗ್ಯಾಲ್ಯುಮ್ ಚೆನ್ಮೊ ಚಿನ್ನದ ಕಪ್ಪೇ ಈ ಹುಡುಗರಿಗೆ ವಿಶ್ವಕಪ್. ಗೆದ್ದ ದಿನ ಪಿರಿಯಾಪಟ್ಟಣದವರೆಗೂ ಬೈಕಿನಲ್ಲಿ ಹಾಡಿಕೊಂಡು ಬಂದಿದ್ದೇನೆ. ಸೋತ ದಿನ ರಾತ್ರಿ ಊಟ ಬಿಟ್ಟಿದ್ದೇನೆ. ಮನೆಯವರಿಗೆ ಇದೊಂದು ನಗೆಪಾಟಲು.

ಅಂಗುತ್ತರ ನಿಕಾಯದಲ್ಲಿ ಭಗವಾನರು ಎಂಟು ಲೋಕಧಮ್ಮಗಳನ್ನು ಹೇಳುತ್ತಾರೆ: ಲಾಭ-ನಷ್ಟ, ಯಶ-ಅಪಯಶ, ನಿಂದೆ-ಪ್ರಶಂಸೆ, ಸುಖ-ದುಃಖ. ತಿಳಿಯದವನಿಗೂ ಬರುತ್ತವೆ, ಆರ್ಯಶ್ರಾವಕನಿಗೂ ಬರುತ್ತವೆ. ಅವನ ಮನಸ್ಸನ್ನು ಮಾತ್ರ ಹಿಡಿದುಕೊಳ್ಳುವುದಿಲ್ಲ. ಮೇಷ್ಟ್ರಲ್ಲವೇ, ಇದನ್ನೆಲ್ಲ ಬಾಯಿಪಾಠ ಒಪ್ಪಿಸಬಲ್ಲೆ.

ಒಂದು ಸಂಜೆ ಮುಂಡಗೋಡಿನ ತಂಡದೆದುರು ನಮ್ಮವರ ಕೊನೆಯ ಪೆನಾಲ್ಟಿ ಗೋಲುಕಂಬದ ಮೇಲೆ ಹಾರಿಹೋಯಿತು. ಎದ್ದು ನಿಂತು ಕೂಗಿಬಿಟ್ಟೆ: "ದುಡ್ಡು ತಗೊಂಡಿದ್ದಾನೆ!" ಪಕ್ಕದಲ್ಲಿದ್ದ ವಯಸ್ಸಾದ ಭಿಕ್ಷು ಒಮ್ಮೆ ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ಈ ಎಂಟೂ ನನಗೆ ಬರುವಂಥವು ಎಂದೇ ಇಷ್ಟು ವರ್ಷ ಓದಿದ್ದೆ. ಅವತ್ತು ಇನ್ನೊಬ್ಬನಿಗೆ ಬಂದ ನಿಂದೆ ನಾನೇ ಆಗಿದ್ದೆ.

ಆಮೇಲೆ ಮೊಮೊ ಅಂಗಡಿಗೆ ಹೋದರೆ ತಟ್ಟೆ ತಂದಿಟ್ಟವನು ಅದೇ ಹುಡುಗ. ಜೆರ್ಸಿ ಕೂಡ ಬದಲಾಯಿಸಿರಲಿಲ್ಲ, ಕಣ್ಣು ಕೆಂಪಗಿತ್ತು.

"ಖಾರದ ಚಟ್ನಿ ಬೇಕಾ ಸಾರ್?"

"ಅಲ್ಲಿ ಕೂಗಿದ್ದು ನಾನೇ ಕಣಪ್ಪ. ತಪ್ಪಾಯ್ತು."

"ಗೊತ್ತು ಸಾರ್," ಅಂದ. ಟೇಬಲ್ ಒರೆಸಿದ. "ಭಾನುವಾರ ಇನ್ನೊಂದು ಮ್ಯಾಚಿದೆ, ಬನ್ನಿ."

ಹೋಗಿದ್ದೆ. ಮೂರು ಗೋಲಿನಿಂದ ಸೋತೆವು. ಅವನು ಚೆನ್ನಾಗಿ ಆಡಿದ.