ನೆರೆಹೊರೆಯ ವಿಚಾರ

ಊರು ಬಿಟ್ಟು ಊರಿಗೆ ಹೋಗುವುದು ಮನುಷ್ಯನಿಗೆ ಹೊಸದಲ್ಲ. ಬರಗಾಲ ಬಂದಾಗ, ರೋಗ ಹರಡಿದಾಗ, ಆಶ್ರಯ ಬೇಕಾದಾಗ ನಮ್ಮ ಪೂರ್ವಿಕರೂ ಹೋದರು. ಆದರೆ ಅವರು ಬಹುಮಟ್ಟಿಗೆ ಗುಂಪಾಗಿ ಹೋಗಿ, ಹೋದಲ್ಲಿ ಒಂದು ಕೇರಿಯಾಗಿ ನಿಂತರು. ಈಗ ಜಿಲ್ಲೆಯ ಪಟ್ಟಣಗಳಿಂದ ಬೆಂಗಳೂರಿಗೆ ಹೋಗುವ ಸಂಸಾರವಾದರೋ ಒಂಟಿಯಾಗಿ ಹೋಗುತ್ತದೆ: ಗಂಡ, ಹೆಂಡತಿ, ಒಂದೆರಡು ಮಕ್ಕಳು, ಕೆಲವು ವೇಳೆ ವೃದ್ಧೆಯಾದ ತಾಯಿ. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷ ಜನರಿದ್ದ ಆ ನಗರವು 2011ರ ಜನಗಣತಿಯಲ್ಲಿ 84 ಲಕ್ಷವನ್ನು ಮೀರಿತು. ಅಷ್ಟು ದೊಡ್ಡದೂ ಅಷ್ಟು ದುಬಾರಿಯೂ ಆದ ಊರಿನಲ್ಲಿ ಮಕ್ಕಳೊಂದಿಗರಾದ ಗೃಹಸ್ಥರು ಯಾವ ಭಾಗವನ್ನು ವಾಸಕ್ಕೆ ಆರಿಸಿಕೊಳ್ಳಬೇಕೆಂಬ ಪ್ರಶ್ನೆಯು ಹೊರನೋಟಕ್ಕೆ ಬಾಡಿಗೆಯ ಲೆಕ್ಕದಂತೆ ಕಾಣುತ್ತದೆ. ಒಳಹೊಕ್ಕು ನೋಡಿದರೆ ಅದು ಧರ್ಮವಿಚಾರವೇ ಆಗಿದೆ.

ಚಾಣಕ್ಯನ ಹೆಸರಿನಲ್ಲಿ ಪ್ರಚಾರದಲ್ಲಿರುವ ನೀತಿಸಂಗ್ರಹವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವರಿಗೆ ನೆನಪಿರಬಹುದು. ಧನಿಕ, ಶ್ರೋತ್ರಿಯ, ಅರಸ, ನದಿ, ವೈದ್ಯ ಈ ಐದೂ ಇಲ್ಲದ ಸ್ಥಳವು ವಾಸಕ್ಕೆ ಯೋಗ್ಯವಲ್ಲವೆಂದು ಅಲ್ಲಿ ವಿಧಿಸಿದೆ. ಇಂದಿನ ಮಾತಿಗೆ ತಿರುಗಿಸಿಕೊಂಡರೆ ಇವು ಜೀವನೋಪಾಯ, ವಿದ್ಯೆ, ರಕ್ಷಣೆ, ನೀರು, ಚಿಕಿತ್ಸೆ ಎಂದಾಗುತ್ತವೆ. ಈ ಐದರಲ್ಲಿ ಹೊಸಬರು ಕಡೆಯಲ್ಲಿ ವಿಚಾರಿಸುವುದು ನೀರನ್ನು. ಮೊದಲು ವಿಚಾರಿಸತಕ್ಕದ್ದೂ ಅದನ್ನೇ. ಬೆಂಗಳೂರಿಗೆ ಸಮೀಪದಲ್ಲಿ ಮಹಾನದಿಯಿಲ್ಲ. ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರು ಯಂತ್ರಬಲದಿಂದ ಮೇಲೇರಿ ಬರಬೇಕು. ಆ ಯೋಜನೆಯ ಮೊದಲನೆಯ ಹಂತವು 1974ರಲ್ಲಿಯೂ, ನಗರದ ಅಂಚಿನ 110 ಹಳ್ಳಿಗಳನ್ನು ಉದ್ದೇಶಿಸಿದ ಐದನೆಯ ಹಂತವು 2024ರ ಅಕ್ಟೋಬರಿನಲ್ಲಿಯೂ ಆರಂಭವಾದವು. ಅದೇ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ, ಜನ್ಮವಿಡೀ ತೀರಿಸಬೇಕಾದ ಸಾಲಮಾಡಿ ಮನೆ ಕೊಂಡವರೂ ಕೊಡ ಹಿಡಿದು ಟ್ಯಾಂಕರಿನ ದಾರಿ ನೋಡಬೇಕಾಯಿತು. ಅಮೃತಶಿಲೆಯ ನೆಲವನ್ನು ತೋರಿಸುವವರನ್ನು ಕೊಳಾಯಿಯ ವಿಷಯ ಕೇಳುವುದು ಅವಿನಯವಲ್ಲ.

ನೀರಿನ ತರುವಾಯ ಕಾಲದ ಲೆಕ್ಕ. ಕಡಮೆ ಬಾಡಿಗೆಗೆ ದೊಡ್ಡ ಮನೆ ಸಿಕ್ಕಿತೆಂದು ಗೃಹಸ್ಥನು ಕಚೇರಿಗೆ ಬಹುದೂರದಲ್ಲಿ ನೆಲೆಸುತ್ತಾನೆಂದು ಇಟ್ಟುಕೊಳ್ಳೋಣ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ವರ್ಷಕ್ಕೆ 250 ದಿನ ಕೆಲಸವೆಂದರೆ 750 ಗಂಟೆಗಳಾದುವು. ಹಗಲೂ ರಾತ್ರಿಯೂ ಸೇರಿ ವರ್ಷದಲ್ಲಿ ಪೂರಾ ಒಂದು ತಿಂಗಳನ್ನು ಅವನು ರಸ್ತೆಗೆ ತೆತ್ತಂತಾಯಿತು. ಮಗುವು ಏಳುವ ಮೊದಲೇ ಹೊರಟು, ಅದು ಮಲಗಿದ ಮೇಲೆ ಬರುವ ತಂದೆಯು ಆ ಮಗುವಿಗೆ ಒಂದು ಕೋಣೆಯನ್ನು ಸಂಪಾದಿಸಿ ಕೊಟ್ಟು ತನ್ನನ್ನೇ ಕಳೆದುಕೊಂಡಿದ್ದಾನೆ. ದುಡಿಯುವ ತಾಯಿಯ ವಿಷಯದಲ್ಲಿಯೂ ಮಾತು ಇದೇ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಮೊದಲು ಓಡಿದ ಮೆಟ್ರೋ ರೈಲು 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರವನ್ನೂ ಮುಟ್ಟಿದೆ. ನಿಲ್ದಾಣಕ್ಕೆ ನಡೆದುಹೋಗಬಹುದಾದ ಎರಡು ಕೋಣೆಯ ಮನೆಯು ದೂರದ ನಾಲ್ಕು ಕೋಣೆಯ ಮನೆಗಿಂತ ಸಂಸಾರಕ್ಕೆ ಹಿತವೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ವಿದ್ಯೆ. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲಿನಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಮಗುವಿಗೆ ನೆರೆಹೊರೆಯ ಶಾಲೆ ಸಿಕ್ಕಬೇಕೆನ್ನುತ್ತದೆ. ಕೇಂದ್ರ ಸರ್ಕಾರದ ನಿಯಮಗಳಲ್ಲಿ ಐದನೆಯ ತರಗತಿಯವರೆಗೆ 1 ಕಿಲೋಮೀಟರು, ಎಂಟನೆಯವರೆಗೆ 3 ಕಿಲೋಮೀಟರು ಎಂಬ ಮಿತಿಯುಂಟು. ಶಾಲೆಯು ನೆರೆಹೊರೆಗೆ ಸೇರಿದ್ದೆಂಬ ಈ ಭಾವನೆ ಯೋಚಿಸತಕ್ಕದ್ದು. ಬಹುಕಾಲ ಉಪಾಧ್ಯಾಯ ವೃತ್ತಿಯಲ್ಲಿದ್ದ ನಮಗೆ ತಿಳಿದಮಟ್ಟಿಗೆ, ಮಗು ಪಾಠವನ್ನು ಶಾಲೆಯಲ್ಲಿ ಕಲಿಯುತ್ತದೆ, ನಡತೆಯನ್ನು ಶಾಲೆಯ ದಾರಿಯಲ್ಲಿ ಕಲಿಯುತ್ತದೆ. ಅಮೆರಿಕದ ಸರ್ಕಾರವು 1994ರಲ್ಲಿ ಐದು ಮಹಾನಗರಗಳಲ್ಲಿ ಒಂದು ಪರೀಕ್ಷೆಯನ್ನು ಆರಂಭಿಸಿತು. ದಾರಿದ್ರ್ಯವು ದಟ್ಟವಾಗಿದ್ದ ವಸತಿಗಳ ಕುಟುಂಬಗಳಲ್ಲಿ ಕೆಲವನ್ನು ಚೀಟಿಯೆತ್ತಿ ಆರಿಸಿ, ಉತ್ತಮ ಸ್ಥಿತಿಯ ಕೇರಿಗಳಿಗೆ ಹೋಗಲು ಬಾಡಿಗೆಯ ಸಹಾಯ ಕೊಟ್ಟಿತು. ಚೆಟ್ಟಿ, ಹೆಂಡ್ರೆನ್, ಕಾಟ್ಸ್ ಎಂಬ ಅರ್ಥಶಾಸ್ತ್ರಜ್ಞರು ಆ ಮಕ್ಕಳು ಬೆಳೆದ ಮೇಲೆ ಲೆಕ್ಕ ನೋಡಿ 2016ರಲ್ಲಿ ಪ್ರಕಟಿಸಿದ ಫಲಿತಾಂಶವಿದು: 13 ವಯಸ್ಸಿಗೆ ಮುಂಚೆ ಸ್ಥಳ ಬದಲಾಯಿಸಿದವರು ದೊಡ್ಡವರಾದಾಗ ಹೆಚ್ಚು ಸಂಪಾದಿಸಿದರು, ಅದಕ್ಕಿಂತ ತಡವಾಗಿ ಹೋದವರಿಗೆ ಆ ಪ್ರಯೋಜನ ಕಾಣಲಿಲ್ಲ. ಎಂದರೆ ನೆರೆಯು ಮಗುವನ್ನು ನಿಧಾನವಾಗಿ, ವರ್ಷವರ್ಷವೂ ರೂಪಿಸುತ್ತದೆ.

ಇಲ್ಲಿಯೇ ಧರ್ಮಸೂಕ್ಷ್ಮವು ಹುಟ್ಟುವುದು. ನೆರೆಯು ಮಕ್ಕಳನ್ನು ರೂಪಿಸುವುದಾದರೆ, ಪ್ರತಿಯೊಬ್ಬ ತಂದೆತಾಯಿಯೂ ಒಳ್ಳೆಯ ನೆರೆಯನ್ನು ಬಯಸುವುದು ಸಹಜ. ಬಯಸುವವರು ಹೆಚ್ಚಿದಂತೆ ಬಾಡಿಗೆ ಏರುತ್ತದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿಯನ್ನು ಬಹುಕಾಲ ಕಂಡ ಊರು ಬೆಂಗಳೂರು. ಕೊಡಲಾರದವರು ಅಂಚಿಗೆ ಸರಿಯುತ್ತಾರೆ. ಆ ಬೀದಿಯ ಮನೆಗಳಲ್ಲಿ ಅಡಿಗೆ ಮಾಡುವವಳೂ, ಕಸ ಒಯ್ಯುವವನೂ, ಹಸುಗೂಸನ್ನು ನೋಡಿಕೊಳ್ಳುವವಳೂ ಆ ಬೀದಿಯಲ್ಲಿ ವಾಸಿಸಲಾರರು. ಹೀಗೆ ಎಲ್ಲರೂ ಒಳ್ಳೆಯ ನೆರೆಯವರನ್ನು ಹುಡುಕುತ್ತ ಹೋದರೆ, ಒಳ್ಳೆಯ ನೆರೆಯವರಾಗಿ ಇರತಕ್ಕವರು ಯಾರು? ಬೆಲೆ ಕೊಟ್ಟು ಕೊಳ್ಳಬಹುದಾದದ್ದು ಗೋಡೆ, ಮಾಡು, ನೆಲ. ನೆರೆತನವು ಕ್ರಯಪತ್ರದಲ್ಲಿ ಬರೆದು ಬರುವುದಿಲ್ಲ. ಅದು ಮೊದಲೇ ಅಲ್ಲಿದ್ದವರು ಅನೇಕ ವರ್ಷ ನಡೆದುಕೊಂಡ ರೀತಿಯ ಫಲ. ಹೊಸದಾಗಿ ಬಂದವನು ಅದನ್ನು ಅನುಭವಿಸುವನಾದ್ದರಿಂದ ಅದರ ಋಣವೂ ಅವನದೇ.

ಬೆಂಗಳೂರಿನ ಪೂರ್ವಚರಿತ್ರೆಯೇ ಇದಕ್ಕೆ ಸಾಕ್ಷಿ. ಇಂದು ಸಂಸಾರಸ್ಥರು ಆಸೆಪಡುವ ಬಸವನಗುಡಿ, ಮಲ್ಲೇಶ್ವರಗಳು ವಿಸ್ತಾರವಾಗಿ ಬೆಳೆದದ್ದು 1898ರ ಪ್ಲೇಗಿನ ತರುವಾಯ. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಬಿಡಿಸಿ ಗಾಳಿ ಬೆಳಕು ದೊರಕಿಸುವ ಉದ್ದೇಶದಿಂದ ಅಲ್ಲಿ ಅಗಲವಾದ ಬೀದಿಗಳನ್ನೂ ಮನೆಗಳ ಹಿಂದೆ ಕಸ ಸಾಗಿಸುವ ಓಣಿಗಳನ್ನೂ ಬಿಟ್ಟರು. ಪಕ್ಕದ ಮನೆಯಲ್ಲಿ ಇಲಿ ಬಿದ್ದರೆ ಅದು ತನ್ನ ಮನೆಯ ವಿಚಾರವೂ ಹೌದೆಂಬುದನ್ನು ಆ ಮಹಾಮಾರಿಯು ಜನಕ್ಕೆ ಕಲಿಸಿತು. ನೆರೆಯವನ ಚರಂಡಿ ಕೆಟ್ಟಿರುವಾಗ ತನ್ನ ಆರೋಗ್ಯವನ್ನು ಒಬ್ಬನೇ ಕೊಂಡುಕೊಳ್ಳುವ ಉಪಾಯ ಅಂದೂ ಇರಲಿಲ್ಲ, ಇಂದೂ ಇಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು, ಅದು ನ್ಯಾಯವಾದದ್ದೇ. "ನನ್ನ ಮಗುವಿನ ಕ್ಷೇಮವೇ ನನಗೆ ಪ್ರಥಮಧರ್ಮ, ಲೋಕವನ್ನು ತಿದ್ದುವುದಕ್ಕಾಗಿ ನಾನು ಮಗುವನ್ನು ಅಪಾಯದ ಸ್ಥಳದಲ್ಲಿ ಇಡಬೇಕೇ?" ಖಂಡಿತವಾಗಿಯೂ ಬೇಡ. ಕುಡಿತದ ಗಲಭೆಯಿರುವ, ಕತ್ತಲಾದ ಮೇಲೆ ಹೆಣ್ಣುಮಕ್ಕಳು ನಡೆಯಲಾರದ ಬೀದಿಯನ್ನು ಬಿಡುವುದು ವಿವೇಕ. ಆದರೆ ಅಪಾಯದಿಂದ ದೂರವಿರುವುದು ಬೇರೆ, ತನ್ನಂತಲ್ಲದ ಜನರಿಂದ ದೂರವಿರುವುದು ಬೇರೆ. ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನು ಸಾಧಿಸುವುದು ನಮ್ಮಲ್ಲಿ ಹೆಚ್ಚಾಗಿದೆ. ಬಾಡಿಗೆಗೆ ಬಂದವನನ್ನು ಮೊದಲು ಅವನ ಜಾತಿಯನ್ನೂ ಊಟವನ್ನೂ ಕೇಳುವ ಮನೆಯೊಡೆಯರಿದ್ದಾರೆ; ಆ ಪ್ರಶ್ನೆ ಕೇಳುವ ಬೀದಿಯೇ ಒಳ್ಳೆಯದೆಂದು ಹುಡುಕಿಕೊಂಡು ಹೋಗುವ ಬಾಡಿಗೆದಾರರೂ ಇದ್ದಾರೆ. ಅಹಮದಾಬಾದಿನ ಒಂದು ಪಾರಸಿ ಗೃಹನಿರ್ಮಾಣ ಸಹಕಾರ ಸಂಘದ ವ್ಯಾಜ್ಯದಲ್ಲಿ, ಸದಸ್ಯತ್ವವನ್ನು ತಮ್ಮ ಸಮುದಾಯಕ್ಕೇ ಮೀಸಲಿಡುವ ಉಪನಿಯಮವನ್ನು 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಸಂಖ್ಯೆಯಲ್ಲಿ ಕ್ಷೀಣಿಸುತ್ತಿರುವ ಒಂದು ಸಮುದಾಯಕ್ಕೆ ಅದರದೇ ಆದ ಕಾರಣಗಳಿರಬಹುದು. ಆದರೆ ಕಾನೂನು ಸಮ್ಮತಿಸಿದ್ದೆಲ್ಲವನ್ನೂ ಧರ್ಮವು ವಿಧಿಸಿತೆಂದು ತಿಳಿಯಕೂಡದು. ಎತ್ತರದ ಗೋಡೆಯೊಳಗಿನ ವಸತಿಸಮುಚ್ಚಯದಲ್ಲಿ ಕೆಲಸದವರಿಗೆ ಒಂದು ಲಿಫ್ಟು, ನಿವಾಸಿಗಳಿಗೆ ಮತ್ತೊಂದು ಎಂಬ ಏರ್ಪಾಡಿದ್ದರೆ, ಅಲ್ಲಿ ಬೆಳೆಯುವ ಮಗು ಅಕ್ಷರ ಬರುವ ಮೊದಲೇ ಆ ಭೇದವನ್ನು ಓದಿಕೊಳ್ಳುತ್ತದೆ. ಅದನ್ನು ಅಳಿಸಲು ಮುಂದೆ ಯಾವ ಉಪಾಧ್ಯಾಯನಿಗೂ ಸುಲಭವಲ್ಲ.

ನಮ್ಮ ಪ್ರಾಚೀನರು ನೆರೆಯವನನ್ನು ಬರಿಯ ಆಕಸ್ಮಿಕವೆಂದು ಎಣಿಸಿರಲಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳಿಂದ 1909ರಲ್ಲಿ ಪ್ರಕಟವಾದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಮನೆ ಹೊಲಗಳ ವಿಕ್ರಯದ ಪ್ರಕರಣವಿದೆ. ಅದರಂತೆ ಆಸ್ತಿಯನ್ನು ಕೊಳ್ಳುವ ಹಕ್ಕು ಮೊದಲು ಜ್ಞಾತಿಗಳಿಗೆ, ಆಮೇಲೆ ನೆರೆಯವರಿಗೆ, ಅನಂತರ ಸಾಲಕೊಟ್ಟವರಿಗೆ. ಹಣದ ಸಂಬಂಧಕ್ಕಿಂತ ಗೋಡೆಯ ಸಂಬಂಧ ಮೇಲೆಂದು ಆ ಕಠಿಣ ವ್ಯವಹಾರಜ್ಞನೂ ಒಪ್ಪಿದನು. ಜ್ಞಾತಿಗಳನ್ನು ಊರಿನಲ್ಲಿ ಬಿಟ್ಟು ಬಂದ ಸಂಸಾರಕ್ಕೆ ಆ ಎರಡನೆಯ ಸ್ಥಾನದವನೇ ಮೊದಲನೆಯವನಾಗುತ್ತಾನೆ. ನಡುರಾತ್ರಿ ಮಗುವಿಗೆ ಜ್ವರವೇರಿದರೆ ಬಾಗಿಲು ತಟ್ಟಬೇಕಾದದ್ದು ಅವನದನ್ನೇ.

ಆದಕಾರಣ ಮನೆ ಹುಡುಕುವವರಿಗೆ ನಮ್ಮ ಸೂಚನೆಗಳು ಸರಳವಾದವು. ಒಂದು ಕೇರಿಯನ್ನು ಭಾನುವಾರದ ಬೆಳಗ್ಗೆ ಮಾತ್ರ ನೋಡಬೇಡಿ; ವಾರದ ಮಧ್ಯೆ ಸಂಜೆ ಹೊತ್ತು ನಡೆದು ನೋಡಿ. ಮಕ್ಕಳು ಬೀದಿಯಲ್ಲಿಯೋ ಉದ್ಯಾನದಲ್ಲಿಯೋ ಆಡುತ್ತಿರುವರೇ, ಮುದುಕರು ಬಾಗಿಲ ಹೊರಗೆ ಕುಳಿತಿರುವರೇ, ಕಾಲುದಾರಿಯಲ್ಲಿ ಎಡವದೆ ನಡೆಯಬಹುದೇ ಎಂಬುದನ್ನು ಗಮನಿಸಿ. ಅಂಗಡಿಗಳೂ ಜನಸಂಚಾರವೂ ಇರುವ ಬೀದಿಯನ್ನು ಕಣ್ಣುಗಳೇ ಕಾಯುತ್ತವೆಂದು ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರ ತನ್ನ ಗ್ರಂಥದಲ್ಲಿ ವಾದಿಸಿದಳು. ನಮ್ಮ ಜಗಲಿಯಿದ್ದ ಕೇರಿಗಳನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆಂದು ದಳ್ಳಾಳಿಯನ್ನಲ್ಲ, ಮೂಲೆಯ ಅಂಗಡಿಯವನನ್ನು ಕೇಳಿ. ಕೊಳ್ಳುವ ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಆದಾಯಕ್ಕೆ ಮೀರಿದ ಪ್ರತಿಷ್ಠೆಯ ಬಡಾವಣೆಗಿಂತ, ತಿಂಗಳ ಕೊನೆಯಲ್ಲಿ ದಂಪತಿಗಳು ಜಗಳವಾಡದೆ ಬಾಳಬಹುದಾದ ಸಾಧಾರಣ ಬೀದಿಯೇ ಮಕ್ಕಳಿಗೆ ಕ್ಷೇಮ.

ಹೀಗೆ ಆರಿಸಿದ ಮೇಲೆ ಕೆಲಸವು ಮುಗಿಯಲಿಲ್ಲ. ಹೊಸ ಬೀದಿಯಲ್ಲಿ ಮೊದಲ ವಾರವೇ ಅಕ್ಕಪಕ್ಕದವರ ಹೆಸರು ತಿಳಿಯುವುದು, ಕಸವನ್ನು ಬೇರ್ಪಡಿಸಿ ಕೊಡುವುದು, ಒಯ್ಯುವವನನ್ನು ಮನುಷ್ಯನೆಂದು ಮಾತನಾಡಿಸುವುದು, ಕೆಲಸದವಳ ಮಗು ಹತ್ತಿರದ ಶಾಲೆಗೆ ಸೇರಿತೇ ಎಂದು ವಿಚಾರಿಸುವುದು, ಕೆಟ್ಟ ಬೀದಿದೀಪಕ್ಕಾಗಿ ಎಲ್ಲರೊಡನೆ ಸೇರಿ ಅರ್ಜಿ ಬರೆಯುವುದು, ಇವೇ ಗೃಹಸ್ಥಧರ್ಮದ ನಗರರೂಪಗಳು. ಸ್ಥಳವನ್ನು ನೋಡುವಾಗ "ಈ ಬೀದಿ ನನ್ನ ಮಕ್ಕಳಿಗೆ ಒಳ್ಳೆಯದೇ?" ಎಂದು ಕೇಳುವ ತಂದೆತಾಯಿಗಳು, "ನಾವು ಬಂದುದರಿಂದ ಈ ಬೀದಿಯ ಮಕ್ಕಳಿಗೆ ಒಳ್ಳೆಯದಾಗುವುದೇ?" ಎಂದು ಸಹ ಕೇಳಿಕೊಳ್ಳಲಿ. ಈ ಎರಡನೆಯ ಪ್ರಶ್ನೆಗೆ ಹೌದೆನ್ನುವ ನಾಲ್ಕು ಮನೆಗಳಿದ್ದರೆ, ಎಷ್ಟೇ ಸಾಮಾನ್ಯವಾದ ಕೇರಿಯೂ ಸಂಸಾರಕ್ಕೆ ಯೋಗ್ಯವಾದ ಸ್ಥಳವಾಗುತ್ತದೆ.