ದಫ್ತರದಲ್ಲಿ ಇಲ್ಲದ ತಾಯಿ

ನದಿಮೂಲ, ಋಷಿಮೂಲ ಕೆದಕಬಾರದು ಎನ್ನುವುದು ನಮ್ಮ ಹಿರಿಯರ ಮಾತು. ಆದರೆ ಮೂಲದ ಹಂಬಲ ಯಾರನ್ನೂ ಬಿಟ್ಟಿಲ್ಲ. ಇಂಗ್ಲೆಂಡ್, ಐರ್ಲೆಂಡ್, ಆಸ್ಟ್ರೇಲಿಯಾಗಳ ಎಷ್ಟೋ ಮನೆತನಗಳು ವಂಶಾವಳಿ ಹುಡುಕುತ್ತ ಹೋಗಿ ಮದ್ರಾಸಿಗೋ ಬಳ್ಳಾರಿಗೋ ಬೆಂಗಳೂರು ದಂಡಿಗೋ ಬಂದು ತಲುಪುತ್ತವೆ. ಅವರ ಪೂರ್ವಜನೊಬ್ಬ ಇಲ್ಲಿಗೆ ಸಿಪಾಯಿಯಾಗಿ ಬಂದಿದ್ದ. ಇಲ್ಲಿಯೇ ಮದುವೆಯಾಗಿ ಮಕ್ಕಳನ್ನು ಪಡೆದಿದ್ದ.

ಆ ಸಿಪಾಯಿ ಸಿಗುವುದು ಕಷ್ಟವಲ್ಲ. ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿ ಉಳಿದಿರುವ ನಿವೃತ್ತಿ ಪತ್ರಗಳು ಅವನ ಊರು, ಕಸುಬು, ಎತ್ತರ, ಕಣ್ಣಿನ ಬಣ್ಣವನ್ನೂ ಹೇಳುತ್ತವೆ. ಬೆಂಗಳೂರಿನಲ್ಲಿ ದಂಡು ನೆಲೆಯೂರಿದ್ದು 1809ರಲ್ಲಿ. ಇಂಥ ದಂಡುಗಳ ಚರ್ಚುಗಳಲ್ಲಿ ಪಾದ್ರಿಗಳು ಬರೆದ ಮದುವೆ, ದೀಕ್ಷಾಸ್ನಾನ, ಸಮಾಧಿಯ ವಿವರಗಳ ಪ್ರತಿ ಮದ್ರಾಸಿಗೆ ಹೋಗಿ, ಅಲ್ಲಿಂದ ಲಂಡನ್ನಿಗೆ ಹಡಗೇರುತ್ತಿತ್ತು. 1698ರಿಂದ ಮೊದಲಾಗುವ ಮದ್ರಾಸಿನ ಆ ಪ್ರತಿಗಳು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ.

ತೊಡಕು ಶುರುವಾಗುವುದು ಹೆಂಡತಿಯ ಹೆಸರಿನಲ್ಲಿ. ಪಲ್ಟಣ ಕಡಲು ದಾಟುವಾಗ ನೂರು ಜನರಿಗೆ ಕೆಲವೇ ಮಂದಿ ಹೆಂಡಿರಿಗಷ್ಟೇ ಅನುಮತಿ. ಯಾರು ಹೋಗಬೇಕು, ಯಾರು ಉಳಿಯಬೇಕು ಎಂದು ಚೀಟಿ ಎತ್ತುತ್ತಿದ್ದರು. ಹೀಗೆ ಬಂದವಳ ಗಂಡ ಕಾಲರಾಕ್ಕೆ ಸಿಕ್ಕಿ ಸತ್ತರೆ ಕೆಲವು ತಿಂಗಳಲ್ಲಿ ಅವಳ ಪಡಿ ನಿಲ್ಲುತ್ತಿತ್ತು. ಆದ್ದರಿಂದ ಅವಳು ಅದೇ ಪಲ್ಟಣದಲ್ಲಿ ಬೇಗನೆ ಮತ್ತೊಬ್ಬನ ಕೈ ಹಿಡಿಯುತ್ತಿದ್ದಳು. ಒಬ್ಬಳೇ ಹೆಣ್ಣು ಮೂರು ಮನೆತನದ ಹೆಸರಿನಲ್ಲಿ ಕಾಣಿಸಿಕೊಂಡಾಗ ಮರಿಮಕ್ಕಳು ಮೊದಲು ತಬ್ಬಿಬ್ಬಾಗುತ್ತಾರೆ. ದಿನಾಂಕಗಳನ್ನು ಜೋಡಿಸಿ ನೋಡಿದಾಗ ಅದು ಹಸಿವಿನ ಲೆಕ್ಕವೆಂದು ತಿಳಿಯುತ್ತದೆ.

ಈ ನೆಲದ ಹೆಣ್ಣನ್ನು ಕಟ್ಟಿಕೊಂಡವರ ಕಥೆ ಇನ್ನೂ ಗೋಜಲು. ಅಂಥ ಮದುವೆಗಳಿಗೆ ಪ್ರೋತ್ಸಾಹ ಕೊಡಿ, ಮಗುವಿನ ದೀಕ್ಷಾಸ್ನಾನದ ದಿನ ತಾಯಿಗೊಂದು ವರಹ ಕೊಡಿ ಎಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1687ರಲ್ಲಿ ಮದ್ರಾಸಿಗೆ ಬರೆದಿದ್ದರು. 1791ರಲ್ಲಿ ಅದೇ ಕಂಪನಿ ಅಂಥ ತಾಯಂದಿರ ಮಕ್ಕಳಿಗೆ ತನ್ನ ಅಧಿಕಾರದ ಹುದ್ದೆಗಳ ಬಾಗಿಲು ಮುಚ್ಚಿತು. ದೀಕ್ಷಾಸ್ನಾನದ ಪುಸ್ತಕದಲ್ಲಿ ತಂದೆಯ ಹೆಸರು, ದರ್ಜೆ, ಪಲ್ಟಣ ಎಲ್ಲ ಇರುತ್ತದೆ. ತಾಯಿಯದು ಎಷ್ಟೋ ಸಲ ಪಾದ್ರಿ ಇಟ್ಟ ಮೇರಿ ಎಂಬಂಥ ಒಂದು ಹೆಸರು, ಇಲ್ಲವೇ ‘ದೇಶೀ ಹೆಂಗಸು’ ಎಂಬ ಎರಡು ಪದ, ಅದೂ ಇಲ್ಲದಿದ್ದರೆ ಖಾಲಿ ಜಾಗ. ಅವಳು ಮಗುವನ್ನು ಕನ್ನಡದಲ್ಲಿ ತೂಗಿದಳೋ, ತಮಿಳಿನಲ್ಲೋ, ತೆಲುಗಿನಲ್ಲೋ ಎಂದು ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲ.

ಇದನ್ನು ಬರೀ ಪರಂಗಿಯವರ ದರ್ಪವೆಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ದಫ್ತರ ಹುಟ್ಟಿದ್ದೇ ಯಾರಿಗೆ ಪಡಿ ಸಲ್ಲಬೇಕು, ಯಾರಿಗೆ ಪಿಂಚಣಿ, ಯಾರಿಗೆ ಆಸ್ತಿ ಎಂದು ಗೊತ್ತು ಮಾಡಲಿಕ್ಕೆ. ಹಕ್ಕು ಇಲ್ಲದವರಿಗೆ ಅಲ್ಲಿ ಸಾಲೂ ಇಲ್ಲ. ನಮ್ಮ ಹೆಳವರನ್ನೇ ನೋಡಿ. ಎತ್ತಿನ ಮೇಲೆ ಕುಳಿತು ಸುಗ್ಗಿಯಲ್ಲಿ ಮನೆಬಾಗಿಲಿಗೆ ಬಂದು ತಲೆಮಾರುಗಳ ಹೆಸರು ಹೇಳುತ್ತಿದ್ದ ಅವರ ನೆನಪಿನ ಶಕ್ತಿ ದೊಡ್ಡದು. ಆದರೂ ಅವರ ಹಾಡಿನಲ್ಲಿ ಮುಖ್ಯವಾಗಿ ಹರಿದುಬಂದದ್ದು ಹೊಲ ಉಳಿಸಿಕೊಂಡ ಗಂಡುಮಕ್ಕಳ ಸಾಲು. ಕಾಳು ಅಳೆದುಕೊಡುವ ಮನೆಯ ಯಜಮಾನ ಕೇಳಬಯಸಿದ್ದೂ ಅದನ್ನೇ. ಲಂಡನ್ನಿನ ಕಾಗದಕ್ಕೂ ಹೆಳವರ ನಾಲಗೆಗೂ ಸಾವಿರಾರು ಮೈಲಿ ದೂರವಿದ್ದರೂ ತಾಯಿಯನ್ನು ಬಿಟ್ಟದ್ದರಲ್ಲಿ ವ್ಯತ್ಯಾಸ ಕಡಿಮೆ.

ಹಾಗಾದರೆ ವಂಶವೆಂದರೇನು? ದಾಖಲೆ ಹೇಳುವುದು ವಾರಸಿಕೆಯನ್ನು. ವಂಶ ಅದಕ್ಕಿಂತ ದೊಡ್ಡದು. ಮಗುವಿನ ರಕ್ತದಲ್ಲಿ ಅರ್ಧ ಪಾಲು, ಮೊದಲ ಮಾತು, ಮೊದಲ ತುತ್ತು ಆ ಖಾಲಿ ಜಾಗದಿಂದಲೇ ಬಂದಿವೆ. ಇಂದಿನ ಡಿಎನ್‌ಎ ಪರೀಕ್ಷೆ ಭಾರತದ ಅಂಶವಿದೆ ಎಂದು ಸೂಚಿಸಬಲ್ಲದು, ಅವಳ ಹೆಸರನ್ನು ತಂದುಕೊಡಲಾರದು. ಹೆಸರು ಸಿಗಲಿಲ್ಲವೆಂದು ಅವಳನ್ನು ವಂಶವೃಕ್ಷದಿಂದ ಬಿಡುವ ಮರಿಮಗ ಆ ದಫ್ತರ ಬರೆದವರ ಕೆಲಸವನ್ನೇ ಮುಂದುವರಿಸಿದಂತೆ. ಅವಳ ಜಾಗವನ್ನು ಜಾಗವಾಗಿಯೇ ಉಳಿಸಿಕೊಳ್ಳುವುದು ಹೆಚ್ಚು ಸತ್ಯವಾದ ಚರಿತ್ರೆ.

ಕಡಲಾಚೆಯ ಮಾತು ಹಾಗಿರಲಿ. ನಿಮ್ಮ ತಾಯಿಯ ತಾಯಿಯ ತಾಯಿಯ ಹೆಸರೇನು, ಅವಳ ತವರು ಯಾವುದು? ಉತ್ತರ ಬಲ್ಲ ಹಿರಿಯರು ಮನೆಯಲ್ಲಿ ಇನ್ನೂ ಇದ್ದರೆ, ಇವತ್ತೇ ಕೇಳಿ ಬರೆದಿಡಿ.