ಕಳೆ ಯಾವುದು?

ರಾಗಿಯ ಹೊಲದಲ್ಲಿ ಹುಲ್ಲು ಕಳೆ; ಹುಲ್ಲುಗಾವಲಿನಲ್ಲಿ ಮರವೂ ಕಳೆಯಾಗಬಹುದು. ಈ ಮಾತಿನ ಮೊದಲ ಭಾಗವನ್ನು ಯಾರೂ ಅಲ್ಲಗಳೆಯುವುದಿಲ್ಲ. ಎರಡನೆಯದನ್ನು ಕೇಳಿದೊಡನೆ ಪಟ್ಟಣಿಗರಾದ ನಮ್ಮ ಹುಬ್ಬು ಮೇಲೇರುತ್ತದೆ. ಗಿಡ ನೆಡುವುದು ಪುಣ್ಯವೆಂದು ಶಾಲೆಯಲ್ಲಿ ಕಲಿತವರು ನಾವು. ಆ ಪುಣ್ಯವೇ ಇನ್ನೊಂದು ಜೀವಕ್ಕೆ ಕುತ್ತಾದೀತೆಂದರೆ ನಂಬುವುದೆಂತು? ಆದರೆ ದೊಡ್ಡಬಳ್ಳಾಪುರ, ನೆಲಮಂಗಲಗಳ ಮಗ್ಗುಲಲ್ಲಿರುವ ಹೆಸರಘಟ್ಟದ ಬಯಲು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದೆ.

1894ರಲ್ಲಿ ಅರ್ಕಾವತಿಗೆ ಕಟ್ಟೆ ಕಟ್ಟಿ ಬೆಂಗಳೂರಿಗೆ ನೀರು ತಂದ ಕೆರೆಯಿಂದಾಗಿ ಹೆಸರಘಟ್ಟವನ್ನು ಬಲ್ಲವರು ಬಹಳ ಮಂದಿ. ಅಲ್ಲಿಯ ಹುಲ್ಲಿನ ಬಯಲನ್ನು ಬಲ್ಲವರು ಕಡಮೆ. ಕಂಡವರೂ ಅದನ್ನು ‘ಖಾಲಿ ಜಾಗ’ವೆಂದು ಕರೆದರು; ಚಿತ್ರನಗರಿ ಕಟ್ಟಬೇಕೆಂಬ ಯೋಜನೆಯೂ ಹುಟ್ಟಿತು. ಆದರೆ ಚಳಿಗಾಲದಲ್ಲಿ ದೂರದ ಉತ್ತರ ದೇಶಗಳಿಂದ ಸೆಳೆವಗಳು ಬಂದಿಳಿಯುವುದು ಈ ‘ಖಾಲಿ’ ನೆಲಕ್ಕೇ. ಎರೆಭೂತದ ಚಿಕ್ಕ ದಾಯಾದಿಯಾದ ಲೆಸ್ಸರ್ ಫ್ಲೋರಿಕನ್ ಎಂಬ ಅತಿ ಅಪರೂಪದ ಹಕ್ಕಿ 2011ರಲ್ಲಿ ಕಾಣಿಸಿಕೊಂಡದ್ದೂ ಇಲ್ಲಿಯೇ. ಕಡೆಗೆ 2024ರ ಅಕ್ಟೋಬರಿನಲ್ಲಿ 5,678 ಎಕರೆಯನ್ನು ಸಂರಕ್ಷಿತ ಪ್ರದೇಶವಾಗಿಸಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು.

ಗಡಿ ಗುರುತಿಸಿದ ಮಾತ್ರಕ್ಕೆ ಹುಲ್ಲು ಉಳಿಯುವುದಿಲ್ಲ. ಲಂಟಾನ, ಪಾರ್ಥೇನಿಯಂ, ಜಾಲಿ ಇವು ಸರಕಾರದ ಆಜ್ಞೆಯನ್ನು ಓದುವುದಿಲ್ಲ. ಹುಲ್ಲಿನ ಸ್ವಭಾವವೇ ಬೇರೆ. ಅದರ ಬೆಳೆಯುವ ಕುಡಿ ನೆಲಕ್ಕೆ ಅಂಟಿಕೊಂಡಿರುವುದರಿಂದ ದನ ಮೇಯ್ದರೂ, ಕುಡುಗೋಲು ಕೊಯ್ದರೂ ಮತ್ತೆ ಚಿಗುರುತ್ತದೆ. ಆದರೆ ನೆರಳನ್ನು ತಾಳಲಾರದು. ದನದ ಬಾಯಿಗೆ ಬಗ್ಗದ ಹುಲ್ಲು ದಟ್ಟ ಪೊದೆಯ ಅಡಿಯಲ್ಲಿ ಸದ್ದಿಲ್ಲದೆ ಸಾಯುತ್ತದೆ. ನೆಲದಲ್ಲೇ ಗೂಡುಮಾಡುವ ಹಕ್ಕಿಗೆ ಸುತ್ತ ದೂರದವರೆಗೂ ಬಯಲು ಕಾಣಬೇಕು. ನಮಗೆ ತಂಪೆನಿಸುವ ಮರ ಅದಕ್ಕೆ ಶತ್ರುವಿನ ಅಡಗುದಾಣ.

ಹಾಗಾದರೆ ಕೀಳತಕ್ಕದ್ದು ಯಾವುದು? ‘ಹೊರಗಿನಿಂದ ಬಂದದ್ದು’ ಎಂದು ಥಟ್ಟನೆ ಉತ್ತರಿಸುವವರುಂಟು. ಈ ಉತ್ತರ ನಮ್ಮ ಊಟದ ಎಲೆಯ ಮುಂದೆಯೇ ಸೋಲುತ್ತದೆ. ರಾಗಿ ಆಫ್ರಿಕದಿಂದ ಬಂತು, ಮೆಣಸಿನಕಾಯಿ ಅಮೆರಿಕದಿಂದ ಬಂತು. ದೇವನಹಳ್ಳಿಯ ಹೆಸರನ್ನೇ ಹೊತ್ತ ಚಕ್ಕೋತವೂ ಮೂಲದಲ್ಲಿ ಆಗ್ನೇಯ ಏಷ್ಯದ್ದು. ಇವು ಬಂದವು, ತಮ್ಮ ಪಾಲಿನ ಜಾಗದಲ್ಲಿ ನಿಂತವು. ಲಂಟಾನ ಹಾಗಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತೋಟದ ಅಲಂಕಾರಕ್ಕೆಂದು ತಂದ ಆ ಗಿಡ ಬೇಲಿ ದಾಟಿ ಹೋಗಿ, ತನ್ನಡಿಯಲ್ಲಿ ಬೇರೊಂದು ಕುಡಿಗೂ ಎಡೆಯಿಲ್ಲದಂತೆ ಮಾಡಿತು. ಹುಟ್ಟಿದ ಊರು ದೋಷವಲ್ಲ. ಇತರರಿಗೆ ಬಾಳಲು ತಾವು ಬಿಡದಿರುವುದೇ ದೋಷ. ಕಳೆಯೆಂಬುದು ಗಿಡದ ಕುಲವನ್ನು ಹೇಳುವ ಮಾತಲ್ಲ, ಅದರ ನಡತೆಯನ್ನು ಹೇಳುವ ಮಾತು.

ಈ ಮಾತನ್ನು ಮನುಷ್ಯರಿಗೆ ಅಂಟಿಸುವ ಚಪಲವೂ ಲೋಕದಲ್ಲಿ ಉಂಟು. ಅದನ್ನು ಒಪ್ಪಲಾಗದು. ‘ಸ್ವಲ್ಪ ಸರಿದು ಕೂತುಕೋ’ ಎಂದು ಲಂಟಾನಕ್ಕೆ ಹೇಳಿ ಫಲವಿಲ್ಲ. ಮನುಷ್ಯನಿಗೆ ಹೇಳಬಹುದು, ಅವನಿಂದ ಹೇಳಿಸಿಕೊಳ್ಳಲೂಬಹುದು. ಮಾತು ಬಲ್ಲವನಿಗೂ ಮಾತಿಲ್ಲದ್ದಕ್ಕೂ ಒಂದೇ ನ್ಯಾಯವಲ್ಲ.

ಹೊರಗಿನಿಂದ ಬಂದದ್ದು ದೋಷವಲ್ಲದಿದ್ದರೆ, ತಂದವರ ಹೊಣೆಯನ್ನಾದರೂ ಕೇಳಬೇಡವೆ? ಈ ಸೀಮೆಯಲ್ಲಿ ನೀಲಗಿರಿ ತಾನಾಗಿ ಹಬ್ಬಲಿಲ್ಲ. ಸೌದೆಗೆ, ಕಾಗದದ ತಿರುಳಿಗೆ, ಕೂಲಿಯಾಳು ಸಿಗದ ಹೊಲಕ್ಕೆ ಸುಲಭವೆಂದು ನಾವೇ ಸಾಲುಸಾಲಾಗಿ ನೆಟ್ಟೆವು. ಹೊಸದಾಗಿ ನೆಡಬಾರದೆಂದು ಸರಕಾರ ನಿಷೇಧಿಸಿದ್ದು 2017ರಲ್ಲಿ. ಪಾರ್ಥೇನಿಯಂ 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ನಮ್ಮಲ್ಲಿ ‘ಕಾಂಗ್ರೆಸ್ ಗಿಡ’ವೆಂಬ ಅಡ್ಡಹೆಸರು ಪಡೆದು ಬೀದಿಬೀದಿಗೂ ಬಂತು. ಅದನ್ನು ತಿನ್ನಲೆಂದು ಮೆಕ್ಸಿಕೋದ ದುಂಬಿಯೊಂದನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ಗಿಡವನ್ನು ತಿಂದದ್ದು ನಿಜ. ಸೂರ್ಯಕಾಂತಿಯ ಎಲೆಯ ಮೇಲೆ ಕಂಡು ರೈತರನ್ನು ಕಳವಳಗೊಳಿಸಿದ್ದೂ ನಿಜ. ಗಿಡ ಇನ್ನೂ ಅಳಿದಿಲ್ಲವೆಂಬುದೂ ನಿಜ. ತರುವುದಕ್ಕೆ ಒಂದು ದಿನ ಸಾಕು. ತೆಗೆಯುವುದಕ್ಕೆ ಒಂದು ತಲೆಮಾರು ಸಾಲದು.

ತೆಗೆಯುವುದರಲ್ಲೂ ಒಂದು ವಿವೇಕ ಬೇಕು. ನಮ್ಮ ರಾಗಿ ಹೊಲಗಳಲ್ಲಿ ಕಳೆ ಕೀಳುವ ಹೆಂಗಸರು ಅದನ್ನು ಬಲ್ಲರು. ಕಿತ್ತದ್ದನ್ನೆಲ್ಲ ಅವರು ಬದುವಿನ ಮೇಲೆ ಎಸೆಯುವುದಿಲ್ಲ; ಅಣ್ಣೆ, ಗೋಣಿ, ಹೊನಗೊನೆ ಸಿಕ್ಕಿದರೆ ಮಡಿಲಿಗೆ ಸೇರಿಸುತ್ತಾರೆ. ಸಂಜೆಗೆ ಅದು ಬೆರಕೆ ಸೊಪ್ಪಿನ ಸಾರು. ಹೊಲದ ಕಳೆ ಒಲೆಯ ಮೇಲೆ ಅನ್ನಕ್ಕೆ ಜೊತೆ! ಕೈಗೆ ಗಿಡದ ಪರಿಚಯ ಇರುವುದರಿಂದ ಅಲ್ಲಿ ಕೀಳುವುದು ಹಗೆಯ ಕೆಲಸವಲ್ಲ, ಆಯ್ಕೆಯ ಕೆಲಸ. ಹುಲ್ಲುಗಾವಲಿಗೂ ಇಂಥ ಕೈಗಳೇ ಬೇಕು. ಪಾರ್ಥೇನಿಯಂ ಹೂ ಬಿಡುವ ಮೊದಲೇ, ಮಳೆ ಬಿದ್ದು ನೆಲ ಮೆತ್ತಗಿರುವಾಗ ಬೇರುಸಹಿತ ತೆಗೆಯಬೇಕು. ತಡಮಾಡಿದರೆ ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ತೆಗೆದ ಜಾಗವನ್ನು ಬರಿದಾಗಿ ಬಿಡದೆ ಆ ನೆಲದ ಹುಲ್ಲೇ ಮತ್ತೆ ತುಂಬುವಂತೆ ನೋಡಬೇಕು. ಬರಿಯ ನೆಲ ಮೊದಲು ಕರೆಯುವುದು ಕಳೆಯನ್ನೇ. ಮಾರನೆಯ ವರ್ಷ ಮತ್ತೆ ಬಂದು ನೋಡಬೇಕು. ಅದರ ಮಾರನೆಯ ವರ್ಷವೂ.

ಮೈಸೂರು ಅರಸರ ಅಮೃತಮಹಲ್ ದನಗಳಿಗೆಂದು ಮೀಸಲಿಟ್ಟ ಹುಲ್ಲಿನ ನೆಲಗಳಿಗೆ ನಮ್ಮ ಹಿರಿಯರು ‘ಕಾವಲು’ ಎಂದೇ ಹೆಸರಿಟ್ಟರು. ಕಾಯುವ ಕೆಲಸಕ್ಕೂ ಕಾದ ನೆಲಕ್ಕೂ ಕನ್ನಡದಲ್ಲಿ ಒಂದೇ ಮಾತು. ಕೆಡಿಸಿದವರು ನಾವಾದಾಗ ಪ್ರಕೃತಿ ತಾನೇ ಸರಿಮಾಡಿಕೊಳ್ಳಲಿ ಎಂದು ಕೈಕಟ್ಟಿ ಕೂರುವುದು ಅಹಿಂಸೆಯಲ್ಲ, ಸೋಮಾರಿತನ. ಭಾನುವಾರ ಒಂದು ಸಸಿ ನೆಟ್ಟು ಚಿತ್ರ ತೆಗೆಸಿಕೊಳ್ಳುವುದು ಸುಲಭ. ಬಗ್ಗಿ, ಗುರುತಿಸಿ, ಕಿತ್ತು, ಉಳಿದ ಹುಲ್ಲಿಗೆ ಬಿಸಿಲು ಬೀಳುವಂತೆ ಮಾಡುವುದು ಯಾರ ಕಣ್ಣಿಗೂ ಕಾಣದ ಕೆಲಸ. ಪುಣ್ಯದ ಲೆಕ್ಕ ಬರೆಯುವವರು ಇದನ್ನೂ ಆ ಪುಸ್ತಕದಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು.